ನಿಮ್ಮ ಜಾಬ್ ಕ್ಯೂನಲ್ಲೇ ಇದೆ, ಪಕ್ಕದವರದ್ದು ಮುಗಿದೇ ಹೋಯಿತು

ಹಲವರು ಹಂಚಿಕೊಳ್ಳುವ ಸೂಪರ್‌ಕಂಪ್ಯೂಟರ್‌ಗೆ ರಾತ್ರಿ 10ಕ್ಕೆ 'ಎಸ್‌ಬ್ಯಾಚ್' ಎಂಬ ಕಮಾಂಡ್ ಕೊಟ್ಟು ಒಂದು ಜಾಬ್, ಅಂದರೆ ಲೆಕ್ಕದ ಕೆಲಸ, ಹಾಕಿದಿರಿ. 'ಎಸ್‌ಕ್ಯೂ' ಹೊಡೆದು ಸಾಲು ನೋಡಿದರೆ ಅದರ ಮುಂದೆ 'ಪಿಡಿ', ಅಂದರೆ ಪೆಂಡಿಂಗ್. ಬೆಳಗ್ಗೆ ಎದ್ದು ನೋಡಿದರೂ ಪಿಡಿಯೇ. ನಿಮಗಿಂತ ಹಿಂದೆ ನಿಂತವರ ಜಾಬ್ ಆಗಲೇ ಮುಗಿದಿದೆ. ಇದರಲ್ಲೇನೋ ವಶೀಲಿ ಇದೆ ಅನಿಸುತ್ತದೆ, ಅಲ್ವಾ?

ವಶೀಲಿ ಅಲ್ಲ, ಹಳೆಯ ಲೆಕ್ಕ.

1950ರ ದಶಕದ ಮೊದಲರ್ಧದಲ್ಲಿ ಕಂಪ್ಯೂಟರ್ ಬೇಕಾದವರು ಸಮಯ ಬುಕ್ ಮಾಡಿ, ಸರದಿ ಬಂದಾಗ ಯಂತ್ರದ ಮುಂದೆ ಕೂರುತ್ತಿದ್ದರು. ಒಬ್ಬರು ಟೇಪು, ಕಾರ್ಡು ಎತ್ತಿಕೊಂಡು ಏಳುವುದು, ಇನ್ನೊಬ್ಬರು ಬಂದು ಹೊಂದಿಸುವುದು. ಅಷ್ಟು ಹೊತ್ತೂ ಆ ದುಬಾರಿ ಯಂತ್ರ ಸುಮ್ನೆ ಕೂತಿರುತ್ತಿತ್ತು. 1956ರಲ್ಲಿ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್‌ನವರು ಐಬಿಎಂ 704 ಕಂಪ್ಯೂಟರ್‌ಗಾಗಿ, ಒಂದು ಕೆಲಸ ಮುಗಿದ ಕೂಡಲೇ ಮುಂದಿನದನ್ನು ತಾನೇ ಎತ್ತಿಕೊಳ್ಳುವ ವ್ಯವಸ್ಥೆ ಮಾಡಿದರು. ಆಮೇಲೆ ಪ್ರೋಗ್ರಾಮ್ ತೂತು ಹೊಡೆದ ಕಾರ್ಡಿನ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರುವುದೇ ರೂಢಿಯಾಯಿತು. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೆ ಕ್ಯೂ.

ನೂರಾರು ನೋಡ್‌ಗಳ, ಅಂದರೆ ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ, ಯಂತ್ರಗಳು ಬಂದಾಗ ಹೊಸ ತಲೆನೋವು ಶುರುವಾಯಿತು. ಕ್ಯೂನ ಮೊದಲ ಜಾಬ್‌ಗೆ 64 ನೋಡ್ ಬೇಕು, ಖಾಲಿ ಇರುವುದು 40 ಅನ್ನಿ. ಬಂದ ಸಾಲಿನಲ್ಲೇ ಬಿಡುತ್ತೇವೆ ಎಂದರೆ ಆ 40ಕ್ಕೂ ಕೆಲಸವಿಲ್ಲ. 1990ರ ದಶಕದ ನಡುವೆ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಇದಕ್ಕೊಂದು ಉಪಾಯ ಸಿಕ್ಕಿತು: ಬ್ಯಾಕ್‌ಫಿಲ್. ಮೊದಲನೆಯದಕ್ಕೆ ಇನ್ನು 4 ಗಂಟೆಯ ನಂತರ ಜಾಗ ಸಿಗುತ್ತದೆ ಎಂದಾದರೆ, ಅಷ್ಟರೊಳಗೆ ಮುಗಿಯುವ 20 ನೋಡ್‌ನ ಜಾಬನ್ನು ನಡುವೆ ತೂರಿಸಬಹುದು. ಸಾಲಿನ ಮೊದಲನೆಯವರಿಗೆ ಇದರಿಂದ ತಡವಾಗುವುದಿಲ್ಲ.

ಆದರೆ ಅಷ್ಟರೊಳಗೆ ಮುಗಿಯುತ್ತದೆ ಎಂದು ಷೆಡ್ಯೂಲರ್‌ಗೆ, ಅಂದರೆ ಸರದಿ ನೋಡಿಕೊಳ್ಳುವ ತಂತ್ರಾಂಶಕ್ಕೆ, ಹೇಗೆ ಗೊತ್ತು? ನೀವೇ ಹೇಳಬೇಕು. ಎಡವಟ್ಟಾಗುವುದೇ ಇಲ್ಲಿ. ಕೇಳಿದ ಸಮಯ ಮೀರಿದರೆ ಜಾಬನ್ನು ಕೊಂದುಹಾಕುತ್ತಾರೆ ಎಂಬ ಭಯಕ್ಕೆ 3 ಗಂಟೆಯ ಕೆಲಸಕ್ಕೂ 24 ಗಂಟೆ ಬರೆಯುತ್ತೇವೆ. ನಾನೂ ಬರೆದವನೇ. ಅಷ್ಟುದ್ದದ್ದು ಯಾವ ಸಂದಿಯಲ್ಲೂ ಹಿಡಿಯುವುದಿಲ್ಲ.

ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2000ದ ದಶಕದ ಆರಂಭದಲ್ಲಿ ಹುಟ್ಟಿದ ಸ್ಲರ್ಮ್ ಎಂಬ ಷೆಡ್ಯೂಲರ್ ಕೂಡ ಇದೇ ಲೆಕ್ಕ ಹಾಕುತ್ತದೆ. ಅದರ ಹೆಸರಿನ ಮೊದಲ ಅಕ್ಷರ 'ಸಿಂಪಲ್' ಎಂಬುದರದ್ದು. ಈಗಿನ ಮ್ಯಾನುಯಲ್ ನೋಡಿದವರು ನಕ್ಕಾರು. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನಲ್ಲೂ ಜಾಬ್ ಹಾಕುವುದು ಸ್ಲರ್ಮ್ ಮೂಲಕವೇ.

ಜಾಬ್ ಮುಗಿದ ಮೇಲೆ 'ಎಸ್‌ಅಕ್ಟ್' ಹೊಡೆದು ಅದರ ಲೆಕ್ಕ ನೋಡಿ. ನಿಜವಾಗಿ ಹಿಡಿದದ್ದು 2 ಗಂಟೆ 50 ನಿಮಿಷ ಎಂದಿದ್ದರೆ, ಮುಂದಿನ ಸಲ 4 ಗಂಟೆ ಕೇಳಿ.