ಗೇಮ್ ಬಿಚ್ಚಿ ನೋಡುವವರಿಗೆ ಗೇಮ್ ಕಂಪನಿಯಲ್ಲಿ ಕೆಲಸ

ಗೇಮ್ ಹ್ಯಾಕ್ ಮಾಡಿದರೆ ಕಂಪನಿಯೇ ಕರೆದು ಕೆಲಸ ಕೊಡುತ್ತದೆ ಅಂತ ಎಷ್ಟೋ ಹುಡುಗರು ನಂಬಿದ್ದಾರೆ. ಅದು ಅರ್ಧ ನಿಜ. ಕಂಪನಿಗೆ ಬೇಕಿರುವುದು ಮುರಿಯುವ ಕೈಯಲ್ಲ. ಬೇರೆಯವರು ಬರೆದ ಪ್ರೋಗ್ರಾಮ್‌ನ ಒಳಗೆ ಏನು ನಡೆಯುತ್ತಿದೆ ಅಂತ ಹೊರಗಿನಿಂದಲೇ ಓದಿ ತಿಳಿಯುವ ತಾಳ್ಮೆ.

ಆ ತಾಳ್ಮೆ ಏನು ಮಾಡಬಲ್ಲದು ಅನ್ನುವುದಕ್ಕೆ ಜಿಟಿಎ ಆನ್‌ಲೈನ್ ನೋಡಿ. ಈ ಗೇಮ್ ಶುರುವಾಗಲು ಕೆಲವು ಕಂಪ್ಯೂಟರ್‌ಗಳಲ್ಲಿ ಆರು ನಿಮಿಷ ಹಿಡಿಯುತ್ತಿತ್ತು. 2021ರಲ್ಲಿ ಕಂಪನಿಯ ಹೊರಗಿನ ಪ್ರೋಗ್ರಾಮರ್ ಒಬ್ಬರು, ಮೂಲ ಕೋಡ್ (ಗೇಮ್ ತಯಾರಿಸಿದವರು ಬರೆದ ಪ್ರೋಗ್ರಾಮ್‌ನ ಪಠ್ಯ) ಕೈಯಲ್ಲಿಲ್ಲದೆಯೇ, ಕಾರಣ ಹುಡುಕಲು ಕೂತರು. ಡಿಸ್ಕ್, ನೆಟ್‌ವರ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಸುಮ್ನೆ ಕೂತಿದ್ದವು. ಪ್ರೊಸೆಸರ್‌ನ ಒಂದೇ ಒಂದು ಕೋರ್ (ಲೆಕ್ಕ ಮಾಡುವ ಘಟಕ) ನಿಮಿಷಗಟ್ಟಲೆ ದುಡಿಯುತ್ತಿತ್ತು.

ಏನು ಮಾಡುತ್ತಿತ್ತು ಅದು? ಗೇಮ್‌ನೊಳಗೆ ಕೊಳ್ಳಬಹುದಾದ ಸುಮಾರು 63,000 ವಸ್ತುಗಳ ಪಟ್ಟಿ 10 ಎಂಬಿಯ ಒಂದು ಫೈಲಿನಲ್ಲಿತ್ತು. ಅದರಿಂದ ಒಂದೊಂದು ತುಣುಕು ಓದುವಾಗಲೂ ಪ್ರೋಗ್ರಾಮ್, ಮುಂದೆ ಇನ್ನೆಷ್ಟು ಅಕ್ಷರ ಉಳಿದಿವೆ ಅಂತ ಕೊನೆಯವರೆಗೂ ಎಣಿಸುತ್ತಿತ್ತು. ದಪ್ಪ ಪುಸ್ತಕ ಓದುವವನು ಪ್ರತಿ ಪದಕ್ಕೂ ನಿಂತು, ಕೊನೆಯ ಪುಟದವರೆಗೆ ಎಣಿಸಿ ಬಂದು, ಆಮೇಲೆ ಮುಂದಿನ ಪದ ಓದಿದ ಹಾಗೆ.

ಅಷ್ಟೇ ಅಲ್ಲ. ಓದಿದ ವಸ್ತು ಈಗಾಗಲೇ ಸೇರಿದೆಯಾ ಅಂತ ಹಿಂದಿನ ಎಲ್ಲದರ ಜೊತೆ ಹೋಲಿಸುತ್ತಿತ್ತು. ಎರಡನೆಯದಕ್ಕೆ 1 ಹೋಲಿಕೆ, ಮೂರನೆಯದಕ್ಕೆ 2, ಕೊನೆಯದಕ್ಕೆ ಹತ್ತಿರ ಹತ್ತಿರ 63,000. ಕೂಡಿದರೆ ಸುಮಾರು 198 ಕೋಟಿ! ಪಟ್ಟಿ ಹತ್ತು ಪಟ್ಟು ಬೆಳೆದರೆ ಈ ಕೆಲಸ ನೂರು ಪಟ್ಟು ಬೆಳೆಯುತ್ತದೆ. ಪಟ್ಟಿ ಚಿಕ್ಕದಿರುವವರೆಗೆ ಇಂಥ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಇದರ ಅಪಾಯ.

ಆ ಪ್ರೋಗ್ರಾಮರ್, ಉದ್ದವನ್ನು ಒಮ್ಮೆ ಎಣಿಸಿ ನೆನಪಿಟ್ಟುಕೊಳ್ಳುವಂತೆ ಮಾಡಿದರು, ಬೇಡದ ಹೋಲಿಕೆಗಳನ್ನು ತೆಗೆದರು. ಆರು ನಿಮಿಷ ಎರಡಕ್ಕಿಂತ ಕೆಳಗಿಳಿಯಿತು. ಗೇಮ್ ತಯಾರಿಸಿದ ರಾಕ್‌ಸ್ಟಾರ್ ಕಂಪನಿ ಅದನ್ನು ಒಪ್ಪಿ ಗೇಮ್ ಸರಿಪಡಿಸಿತು, 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು. ಅದೇ ಕಂಪನಿ 2023ರಲ್ಲಿ ಫೈವ್‌ಎಂ ಎಂಬ ಮಾಡ್ (ಇರುವ ಗೇಮನ್ನು ಹೊರಗಿನವರು ಬದಲಿಸಿ ಕಟ್ಟಿದ ರೂಪ) ತಯಾರಿಸಿದ ತಂಡವನ್ನೇ ಒಳಗೆ ಸೇರಿಸಿಕೊಂಡಿತು.

ಇದು ಹೊಸ ಕಥೆಯೂ ಅಲ್ಲ. 1981ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೆಲವು ಹುಡುಗರು ಅಟಾರಿ ಕಂಪನಿಯ 'ಮಿಸೈಲ್ ಕಮಾಂಡ್' ಗೇಮ್ ಯಂತ್ರಕ್ಕೆ ಜೋಡಿಸಬಹುದಾದ ಸರ್ಕ್ಯೂಟ್ ಬೋರ್ಡ್ ಮಾಡಿ ಮಾರಿದರು. ಗೇಮ್ ಇನ್ನಷ್ಟು ಕಷ್ಟವಾಯಿತು. ಅಟಾರಿ ಕೇಸು ಹಾಕಿತು. ಕೊನೆಗೆ ರಾಜಿಯಾಗಿ, ಅವರಿಂದಲೇ ಗೇಮ್ ಮಾಡಿಸಿಕೊಳ್ಳುವ ಒಪ್ಪಂದಕ್ಕೆ ಬಂತು. 'ಪ್ಯಾಕ್‌ಮ್ಯಾನ್'ಗೆ ಅವರು ಮಾಡಿದ ಇನ್ನೊಂದು ಬೋರ್ಡು 1982ರಲ್ಲಿ 'ಮಿಸ್ ಪ್ಯಾಕ್‌ಮ್ಯಾನ್' ಆಗಿ ಹೊರಬಂತು. 'ಕೌಂಟರ್ ಸ್ಟ್ರೈಕ್' ಕೂಡ 'ಹಾಫ್ ಲೈಫ್' ಗೇಮ್ ಮೇಲೆ ಕಟ್ಟಿದ ಮಾಡ್ ಆಗಿಯೇ 1999ರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಅವರನ್ನು 'ಹಾಫ್ ಲೈಫ್' ತಯಾರಿಸಿದ ವಾಲ್ವ್ ಕಂಪನಿ ಕೆಲಸಕ್ಕೆ ತೆಗೆದುಕೊಂಡಿತು.

ಆದರೆ ಅದೇ ವಾಲ್ವ್‌ನ ಇನ್ನೊಂದು ಘಟನೆಯನ್ನು ಹುಡುಗರು ಮರೆಯಬಾರದು. 2003ರಲ್ಲಿ 'ಹಾಫ್ ಲೈಫ್ 2'ರ ಮೂಲ ಕೋಡ್ ಸೋರಿಹೋಯಿತು. ಕಂಪನಿಯ ನೆಟ್‌ವರ್ಕ್‌ಗೆ ನುಗ್ಗಿದ್ದ ಜರ್ಮನಿಯ ಯುವಕ ಆಮೇಲೆ ತಾನೇ ಪತ್ರ ಬರೆದು ಕೆಲಸ ಕೇಳಿದ. ವಾಲ್ವ್ ಸಂದರ್ಶನ ನಡೆಸಿತು. ಅದು ಅವನನ್ನು ಅಮೆರಿಕಕ್ಕೆ ಕರೆಸಿ ಎಫ್‌ಬಿಐಗೆ ಒಪ್ಪಿಸುವ ಉಪಾಯವಾಗಿತ್ತು. ಅವನು ಹೊರಡುವ ಮೊದಲೇ ಜರ್ಮನ್ ಪೊಲೀಸರು ಬಂಧಿಸಿದರು. ಅವನಿಗೆ ಪ್ರತಿಭೆ ಇರಲಿಲ್ಲವೇ? ಖಂಡಿತ ಇತ್ತು. ಆದರೆ ಅವನು ಬಿಚ್ಚಿದ್ದು ತನ್ನ ಕಂಪ್ಯೂಟರಿನಲ್ಲಿದ್ದ ಗೇಮನ್ನಲ್ಲ, ಬೇರೆಯವರ ಬಾಗಿಲನ್ನು.