ಮುತ್ತು ಹಾಕಿದರೆ ಮುತ್ತಿಗೆ ಬಂತು

ಒಬ್ಬರು ಮುತ್ತಿನ ಸರ, ಓಲೆ ಮಾಡಿ ಮಾರುತ್ತಾರೆ ಅಂದುಕೊಳ್ಳಿ. ಅರ್ಧ ನಿಮಿಷದ ಚೆಂದದ ಜಾಹೀರಾತು ಮಾಡಿ ಯೂಟ್ಯೂಬ್‌ನಲ್ಲಿ ಬಿಟ್ಟರು. ಜಾಹೀರಾತು ಯಾವ ವಿಷಯದ ವಿಡಿಯೋಗಳ ಮುಂದೆ ಬರಬೇಕು ಎಂದು ಸೂಚಿಸುವ ಪದ, ಅಂದರೆ ಕೀವರ್ಡ್, ಕೇಳಿದ ಕಡೆ ‘ಮುತ್ತು’ ಎಂದು ಬರೆದರು. ವಾರ ಬಿಟ್ಟು ನೋಡಿದರೆ ಅದು ಎಲ್ಲೆಲ್ಲೋ ಸುತ್ತಿ ಬಂದಿದೆ. ಪ್ರೇಮಗೀತೆಗಳ ಮುಂದೆ ಓಡಿದೆ, ಅಲ್ಲಿ ಮುತ್ತು ಎಂದರೆ ಕೆನ್ನೆಗೆ ಕೊಡುವಂಥದ್ದು. ನುಡಿಮುತ್ತುಗಳ ಮುಂದೆ ಓಡಿದೆ. ಪ್ರತಿಭಟನಾಕಾರರು ಕಚೇರಿಗೆ ಮುತ್ತಿಗೆ ಹಾಕಿದ ಸುದ್ದಿಯ ಮುಂದೆಯೂ ಓಡಿದೆ. ದುಡ್ಡು ಖರ್ಚಾಯಿತು, ಓಲೆ ಮಾತ್ರ ಹೋಗಲಿಲ್ಲ.

ಎಡವಟ್ಟು ಎಲ್ಲಿ ಆಯಿತು? ಆ ಪದ ಯಾರದ್ದು ಎಂದು ಕೇಳಿಕೊಂಡರೆ ಗೊತ್ತಾಗುತ್ತದೆ. ಗೂಗಲ್ ಸರ್ಚ್‌ನಲ್ಲಿ ‘ಮುತ್ತಿನ ಓಲೆ’ ಎಂದು ಟೈಪ್ ಮಾಡಿದವರ ಮನಸ್ಸಿನಲ್ಲಿ ಓಲೆಯೇ ಇದೆ. ಪದ ಅವರದ್ದೇ. ವಿಡಿಯೋದಲ್ಲಿ ಹಾಗಲ್ಲ. ಅಲ್ಲಿ ಕೀವರ್ಡನ್ನು ತಾಳೆ ನೋಡುವುದು ವಿಡಿಯೋದ ಶೀರ್ಷಿಕೆ, ವಿವರಣೆ, ಒಟ್ಟು ವಿಷಯದ ಜೊತೆ. ಅಂದರೆ ಪದ ವಿಡಿಯೋ ಮಾಡಿದವರದ್ದು. ನೋಡುವವರಿಗೆ ಅದರ ಯೋಚನೆಯೂ ಇರಲಿಕ್ಕಿಲ್ಲ. ಜೊತೆಗೆ, ಸರ್ಚ್ ಜಾಹೀರಾತಿನಲ್ಲಿ ಕೀವರ್ಡನ್ನು ಬಿಗಿಯಾಗಿ ಕಟ್ಟಿಹಾಕುವ ಆಯ್ಕೆಗಳಿವೆ. ವಿಡಿಯೋ ಕೀವರ್ಡ್‌ಗೆ ಅವು ಇಲ್ಲ. ಎಲ್ಲವೂ ಸಡಿಲ ಹೊಂದಾಣಿಕೆಯೇ. ಸರ್ಚ್‌ಗೆ ಮಾಡಿದ ಪಟ್ಟಿಯನ್ನು ಎತ್ತಿ ಸುಮ್ನೆ ವಿಡಿಯೋಗೆ ಅಂಟಿಸಿದರೆ ಹೀಗಾಗದೆ ಇನ್ನೇನು?

ಪದ ಮತ್ತು ಅರ್ಥದ ಈ ಜಗಳ ಹಳೆಯದು. 1949ರಲ್ಲಿ ಅಮೆರಿಕದ ಗಣಿತಜ್ಞ ವಾರನ್ ವೀವರ್ ಯಂತ್ರದಿಂದ ಅನುವಾದ ಮಾಡಿಸುವ ಬಗ್ಗೆ ಒಂದು ಟಿಪ್ಪಣಿ ಬರೆದರು. ಪುಸ್ತಕದ ಪುಟದ ಮೇಲೆ ಒಂದು ರಟ್ಟು ಇಟ್ಟಿದ್ದೀರಿ, ಅದರಲ್ಲಿ ಒಂದೇ ಪದ ಕಾಣುವಷ್ಟು ತೂತು ಇದೆ ಎಂದುಕೊಳ್ಳಿ. ಆ ಪದದ ಅರ್ಥ ಯಾವುದು ಎಂದು ಹೇಳಲಾಗದು. ತೂತನ್ನು ಅಗಲ ಮಾಡುತ್ತಾ ಹೋಗಿ. ಆಚೀಚೆಯ ಪದಗಳು ಕಾಣುತ್ತವೆ, ಅರ್ಥ ತಾನಾಗಿ ತಿಳಿಯುತ್ತದೆ. ಬರೀ ‘ಮುತ್ತು’ ಎಂದು ಬರೆದವರು ಒಂದು ಪದದ ತೂತಿನಲ್ಲಿ ಇಣುಕುತ್ತಿದ್ದಾರೆ. ‘ಮುತ್ತಿನ ಓಲೆ’, ‘ಸಿಹಿನೀರಿನ ಮುತ್ತು’, ‘ಮುತ್ತು ಪೋಣಿಸುವುದು’ ಎಂದರೆ ತೂತು ಅಗಲವಾಗುತ್ತದೆ, ಕೆನ್ನೆಯ ಮುತ್ತು ದೂರ ಸರಿಯುತ್ತದೆ. ಹಾಗಂತ ಎರಡು ಪದ ಇದ್ದರೆ ಸಾಕು ಎಂದೇನಲ್ಲ. ‘ಮುತ್ತಿನ ಹಾರ’ ಎಂದು ಹಾಕಿ ನೋಡಿ. ಆ ಹೆಸರಿನ ಸಿನಿಮಾನೇ ಇದೆಯಲ್ಲ!

ಕನ್ನಡದ ಫಜೀತಿಯೇ ಬೇರೆ. ನಮ್ಮ ಪದಗಳಿಗೆ ಬಾಲ ಜಾಸ್ತಿ: ಮುತ್ತಿನ, ಮುತ್ತನ್ನು, ಮುತ್ತುಗಳಿಂದ. ಯಂತ್ರ ಬಾಲ ಕತ್ತರಿಸಿ ಬುಡ ಹುಡುಕಬೇಕು. ಹಾಗೆ ಕತ್ತರಿಸುವಾಗ ‘ಮುತ್ತಿಗೆ’ ಎದುರಾದರೆ? ಅದು ಮುತ್ತಿಗೆ ಹೊಳಪು ಕೊಡುವ ಮುತ್ತಿಗೆಯೋ, ಕೋಟೆಗೆ ಹಾಕುವ ಮುತ್ತಿಗೆಯೋ? ಅಕ್ಷರ ಒಂದೇ. ಇನ್ನು ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರ ಕಥೆ ಕೇಳಲೇಬೇಡಿ. ಅಲ್ಲಿ ಮುತ್ತಿಗೂ ಮುಟ್ಟಿಗೂ ವ್ಯತ್ಯಾಸವೇ ಇರುವುದಿಲ್ಲ. ಓಲೆಯ ಜಾಹೀರಾತು ಹೋಗಿ ಡಾಕ್ಟರ ಸಲಹೆಯ ಮುಂದೆ ಕೂರುತ್ತದೆ.

ಸರಿ, ರಿಪೇರಿ ಎಲ್ಲಿಂದ? ಹೆಚ್ಚಿನವರು ಹೊಸ ಕೀವರ್ಡ್ ಯೋಚಿಸುತ್ತಾ ಕೂರುತ್ತಾರೆ. ಮೊದಲು ತೆರೆಯಬೇಕಾದ್ದು ಜಾಹೀರಾತು ಎಲ್ಲೆಲ್ಲಿ ಕಾಣಿಸಿತು ಎಂಬ ವರದಿ ಅಂತ ನನಗೆ ಅನಿಸುತ್ತದೆ. ಅಂಕಿಗಳನ್ನಷ್ಟೇ ಅಲ್ಲ, ಆ ವಿಡಿಯೋಗಳನ್ನೇ ತೆರೆದು ನೋಡಬೇಕು. ಬೇಜಾರಿನ ಕೆಲಸ, ನಿಜ. ಆದರೆ ತಪ್ಪುಗಳಲ್ಲಿ ಎರಡು ಜಾತಿ ಇವೆ ಎಂದು ಆಗಲೇ ಕಾಣುವುದು. ಪ್ರೇಮಗೀತೆಯಲ್ಲಿ ಅರ್ಥವೇ ತಪ್ಪು. ‘ಚಿಪ್ಪಿನೊಳಗೆ ಮುತ್ತು ಹೇಗೆ ಬೆಳೆಯುತ್ತದೆ’ ಎಂಬ ಪಾಠದ ವಿಡಿಯೋದಲ್ಲಿ ಅರ್ಥ ಸರಿ, ನೋಡುವವರ ಆಸೆ ಬೇರೆ. ನಾಳೆ ಪರೀಕ್ಷೆ ಇರುವ ಹುಡುಗನಿಗೆ ಓಲೆ ಯಾಕೆ? ಮೊದಲನೆಯದನ್ನು ಪದ ಬದಲಿಸಿ ಸರಿಮಾಡಬಹುದು. ಎರಡನೆಯದಕ್ಕೆ ಯಾವ ಪದವೂ ಮದ್ದಲ್ಲ. ಅಲ್ಲಿ ವಿಡಿಯೋ ಬಿಟ್ಟು ಜನರನ್ನು ಹಿಡಿಯಬೇಕು. ಗೂಗಲ್‌ನಲ್ಲಿ ‘ಮುತ್ತಿನ ಓಲೆ’ ಎಂದು ಹುಡುಕಿದವರಿಗೆ, ಅವರು ಯೂಟ್ಯೂಬ್‌ನಲ್ಲಿ ಏನೇ ನೋಡುತ್ತಿರಲಿ, ಜಾಹೀರಾತು ತೋರಿಸಲು ‘ಕಸ್ಟಮ್ ಸೆಗ್ಮೆಂಟ್’ ಎಂಬ ದಾರಿ ಇದೆ. ಆಗ ಪದ ಮತ್ತೆ ಕೊಳ್ಳುವವರದ್ದೇ ಆಯಿತು.

ಬೇಡದ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕುವುದೂ ಉಂಟು. ಇಲ್ಲಿ ಕೈ ಬಿಗಿ ಇರಲಿ. ‘ಮುತ್ತಿಗೆ’ ಬೇಡ ಎಂದರೆ ಪ್ರತಿಭಟನೆಯ ಜೊತೆ ಮುತ್ತಿಗೆ ಹೊಳಪು ಕೊಡುವ ವಿಡಿಯೋನೂ ಹೋಯಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಮಾಹಿತಿ ಹುಡುಕುವ ವಿಧಾನಗಳನ್ನು ಪರೀಕ್ಷಿಸಿದಾಗ ಕಂಡದ್ದೂ ಇದೇ ಎಳೆದಾಟ. ಸಿಕ್ಕಿದ್ದರಲ್ಲಿ ಬೇಕಾದದ್ದು ಎಷ್ಟು? ಬೇಕಾದದ್ದರಲ್ಲಿ ಸಿಕ್ಕಿದ್ದು ಎಷ್ಟು? ಒಂದನ್ನು ಮೇಲೆತ್ತಿದರೆ ಇನ್ನೊಂದು ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಬಲೆಯ ಕಣ್ಣು ಎಷ್ಟಿರಬೇಕು ಎಂಬ ಹಾಗೆ.

ಆತುರದಲ್ಲಿ ಆಗುವ ಇನ್ನೊಂದು ತಪ್ಪಿದೆ. ಒಂದು ವಿಡಿಯೋದ ಮುಂದೆ ಜಾಹೀರಾತು 10 ಸಲ ಬಂತು, ಹತ್ತೂ ಜನ ಸ್ಕಿಪ್ ಮಾಡಿದರು. ತೆಗೆದುಹಾಕೋಣವೇ? ತಾಳಿ. ಅಲ್ಲಿ ನಿಜವಾಗಿ 100ಕ್ಕೆ 20 ಜನ ನೋಡುವವರೇ ಇದ್ದರೂ, 10 ಜನರಲ್ಲಿ ಒಬ್ಬರೂ ನೋಡದೆ ಇರುವ ಸಾಧ್ಯತೆ ಸುಮಾರು 11 ಶೇಕಡ. ಬರೀ ದುರದೃಷ್ಟವೂ ಇರಬಹುದು. 30 ಜನರಲ್ಲೂ ಒಬ್ಬರೂ ನೋಡಲಿಲ್ಲ ಎಂದರೆ ಅಂಥ ದುರದೃಷ್ಟಕ್ಕೆ 800ರಲ್ಲಿ ಒಂದು ಅವಕಾಶ. ಆಗ ಧಾರಾಳವಾಗಿ ತೆಗೆಯಿರಿ.

ಹಾಗಾದರೆ ಚೆನ್ನಾಗಿ ಓಡಿದ ಜಾಗಗಳನ್ನು ನಂಬಬಹುದು, ಅಲ್ವಾ? ಯೂಟ್ಯೂಬ್‌ನಲ್ಲಿ ಮಕ್ಕಳಿಗೆಂದೇ ಮಾಡಿದ ವಿಡಿಯೋಗಳಲ್ಲಿ 2020ರ ಜನವರಿಯಿಂದ ನೋಡುವವರ ಅಭ್ಯಾಸ ಹಿಡಿದು ತೋರಿಸುವ ಜಾಹೀರಾತು ಇಲ್ಲ. ವಿಡಿಯೋದ ವಿಷಯ ನೋಡಿ ಬರುವ ಜಾಹೀರಾತು ಮಾತ್ರ ಇದೆ. ನಮ್ಮ ಓಲೆಯ ಜಾಹೀರಾತು ಕಂದನಿಗೆ ಮುತ್ತಿಕ್ಕುವ ಶಿಶುಗೀತೆಯ ಮುಂದೆ ಬಂತು ಅನ್ನಿ. ಫೋನು ಹಿಡಿದಿರುವುದು ಎರಡು ವರ್ಷದ ಮಗು. ಸ್ಕಿಪ್ ಬಟನ್ 5 ಸೆಕೆಂಡಿಗೇ ಬರುತ್ತದೆ, ಮಗು ಒತ್ತುವುದಿಲ್ಲ. ಹೊಳೆಯುವ ಮುತ್ತುಗಳನ್ನು ಕೊನೆಯವರೆಗೂ ಕಣ್ಣರಳಿಸಿ ನೋಡುತ್ತದೆ. ವರದಿಯಲ್ಲಿ ಆ ಶಿಶುಗೀತೆಯೇ ಎಲ್ಲಕ್ಕಿಂತ ಮೇಲೆ ಕೂತಿರುತ್ತದೆ.