ಪ್ಲಾಸ್ಟಿಕ್ ಹಾಲಿನ ಬಾಟಲಿಯನ್ನು ಮತ್ತೆ ಮತ್ತೆ ಕುದಿಸಬಹುದೇ?

ಪ್ರಶ್ನೆ: ನಮ್ಮ ಐದು ತಿಂಗಳ ಮಗುವಿಗೆ ಪುಡಿ ಹಾಲು ಕುಡಿಸುತ್ತಿದ್ದೇವೆ. ಪ್ಲಾಸ್ಟಿಕ್ ಬಾಟಲಿಯನ್ನು ದಿನವೂ ಕುದಿಸುವುದರಿಂದ ರಾಸಾಯನಿಕಗಳು ಹಾಲಿಗೆ ಇಳಿಯುತ್ತವೆಯೇ?

ಉತ್ತರ: ಬಾಟಲಿ ಯಾವ ಪ್ಲಾಸ್ಟಿಕ್‌ನದು ಎಂಬುದನ್ನು ಮೊದಲು ನೋಡಬೇಕು. ಹಿಂದೆ ಗಾಜಿನಂತೆ ಹೊಳೆಯುವ ಗಟ್ಟಿ ಪಾಲಿಕಾರ್ಬೊನೇಟ್ ಬಾಟಲಿಗಳೇ ಹೆಚ್ಚು ಬಳಕೆಯಲ್ಲಿದ್ದವು. ಕುದಿನೀರು ಮತ್ತು ಕ್ಷಾರೀಯ ಸಾಬೂನು ಸೇರಿ ಅದರ ಅಣುಬಂಧಗಳನ್ನು ಸ್ವಲ್ಪಸ್ವಲ್ಪವಾಗಿ ಮುರಿಯುವುದರಿಂದ, ಹಾರ್ಮೋನಿನಂತೆ ವರ್ತಿಸಬಲ್ಲ ಬಿಸ್‌ಫಿನಾಲ್-ಎ ಹೊರಬರುತ್ತದೆ. ಈ ಕಾರಣದಿಂದ ಯುರೋಪಿಯನ್ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ ಮಕ್ಕಳ ಬಾಟಲಿಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿದವು. ಭಾರತದಲ್ಲಿ ಮಾನಕ ಬ್ಯೂರೋದ 2015ರ ಮಾನದಂಡವೂ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಐಎಸ್‌ಐ ಗುರುತಿಲ್ಲದ ಬಾಟಲಿಯನ್ನೂ ಅಟ್ಟದ ಮೇಲಿಟ್ಟ ಹಳೆಯ ಬಾಟಲಿಯನ್ನೂ ಬಳಸಬೇಡಿ.

ಇಂದಿನ ಬಹುತೇಕ ಬಾಟಲಿಗಳು ಪಾಲಿಪ್ರೊಪಿಲೀನ್‌ನವು. ತಳದ ತ್ರಿಕೋನದಲ್ಲಿ 5 ಎಂಬ ಅಂಕಿ ಇರುತ್ತದೆ. ಇದು ಕರಗುವುದು ಸುಮಾರು 160 ಡಿಗ್ರಿಯಲ್ಲಾದ್ದರಿಂದ ಕುದಿಸಿದರೆ ಆಕಾರ ಕೆಡದು, ಬಿಸ್‌ಫಿನಾಲ್-ಎ ಕೂಡ ಇದರ ತಯಾರಿಕೆಯಲ್ಲಿ ಬೇಕಿಲ್ಲ. ಆದರೂ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಬಾಟಲಿಯಲ್ಲಿ 25 ಡಿಗ್ರಿಯ ನೀರು ತುಂಬಿದಾಗ ಲೀಟರಿಗೆ ಸುಮಾರು 6 ಲಕ್ಷದಷ್ಟಿದ್ದ ಪ್ಲಾಸ್ಟಿಕ್ ಸೂಕ್ಷ್ಮಕಣಗಳು 95 ಡಿಗ್ರಿಯಲ್ಲಿ 5.5 ಕೋಟಿಗೆ ಏರಿದವು. ಈ ಕಣಗಳಿಂದ ಶಿಶುಗಳಿಗೆ ಹಾನಿಯಾಗುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಸರಿಯಾಗಿ ಕುದಿಸದ ಬಾಟಲಿಯಿಂದ ಬರುವ ಭೇದಿಯ ಅಪಾಯವಾದರೋ ಯಾವ ಅನುಮಾನಕ್ಕೂ ಎಡೆಯಿಲ್ಲದ್ದು. ಹಾಗಾಗಿ ಕುದಿಸುವುದನ್ನು ಮಾತ್ರ ಕೈಬಿಡಬೇಡಿ.

ಬದಲಾಯಿಸಬೇಕಾದದ್ದು ಹಾಲು ಕಲಸುವ ಕ್ರಮವನ್ನು. ಪುಡಿಯಲ್ಲೇ ಸೂಕ್ಷ್ಮಾಣುಗಳಿರಬಹುದಾದ್ದರಿಂದ 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆದರೆ ಆ ಬಿಸಿನೀರನ್ನು ಪ್ಲಾಸ್ಟಿಕ್ ಬಾಟಲಿಗೇ ಸುರಿಯಬೇಕೆಂದೇನಿಲ್ಲ. ಕುದಿಸಿದ ಸ್ಟೀಲ್ ಲೋಟದಲ್ಲಿ ಕಲಸಿ, ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ತುಂಬಿ. ಬಾಟಲಿಯನ್ನು ಕುದಿಸಿ ತೆಗೆದ ಬಳಿಕ, ಕುದಿಸಿ ಆರಿಸಿದ ನೀರಿನಿಂದ ಮೂರು ಸಲ ಒಳಭಾಗವನ್ನು ತೊಳೆಯಿರಿ. ಮೈಕ್ರೊವೇವ್‌ನಲ್ಲಿ ಹಾಲನ್ನು ಬಾಟಲಿಯ ಸಮೇತ ಬಿಸಿ ಮಾಡುವುದು ಬೇಡ. ಗೀರು ಬಿದ್ದ, ಮಸುಕಾದ ಬಾಟಲಿಯನ್ನು ಬದಲಿಸಿ.

ಗಾಜಿನ ಅಥವಾ ಸ್ಟೀಲ್ ಬಾಟಲಿ ಕೊಂಡರೆ ಈ ಚಿಂತೆ ಬಹುಪಾಲು ನೀಗುತ್ತದೆ. ಅಜ್ಜಿಯರ ಕಾಲದ ಒಳಲೆ (ಮಗುವಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು) ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು: ನಿಪ್ಪಲ್ಲೂ ಇಲ್ಲ, ಬ್ರಷ್ ತಲುಪದ ಮೂಲೆಯೂ ಇಲ್ಲ.